ಹೆಸರು ಕೊರೆಸುವ ಮುನ್ನ: ಕ್ರಿಸ್ಟಲ್ ಸ್ಮರಣಿಕೆಗಳು ಸಿದ್ಧವಾಗುವ ಬಗೆ

ವಾರ್ಷಿಕೋತ್ಸವದಲ್ಲಿ, ದೀರ್ಘಸೇವೆಯ ಗೌರವಾರ್ಪಣೆಯಲ್ಲಿ, ದೊಡ್ಡ ಒಪ್ಪಂದವೊಂದು ಕೈಗೂಡಿದ ಸಂದರ್ಭದಲ್ಲಿ ಕಂಪನಿಗಳು ಮಖಮಲ್ಲಿನ ಹಾಸುಳ್ಳ ಪೆಟ್ಟಿಗೆಯಲ್ಲಿಟ್ಟು ಕೊಡುವ ಪಾರದರ್ಶಕ ಸ್ಮರಣಿಕೆಯನ್ನು ನಾವೆಲ್ಲರೂ ಕ್ರಿಸ್ಟಲ್ ಎಂದೇ ಕರೆಯುತ್ತೇವೆ. ಬೆಂಗಳೂರಿನ ಕಚೇರಿಗಳ ಸ್ವಾಗತ ಕೊಠಡಿಗಳಲ್ಲಿ ಇಂಥವು ಕಪಾಟಿನ ತುಂಬ ಸಾಲಾಗಿ ನಿಂತಿರುತ್ತವೆ. ನಮ್ಮ ಸಂಸ್ಥೆಯಲ್ಲಿ ಇವನ್ನು ಆರಿಸಿ, ಹೆಸರು ಬರೆಸಿ, ಸಮಾರಂಭದ ಹೊತ್ತಿಗೆ ತರಿಸುವ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ಈ ಕೆಲಸ ಮಾಡುತ್ತ ಮಾಡುತ್ತ ನನ್ನಲ್ಲಿ ಬೇರೂರಿದ ಅಭಿಪ್ರಾಯ ಒಂದೇ: ಸ್ಮರಣಿಕೆಯ ಯೋಗ್ಯತೆ ಇರುವುದು ಗಾಜು ಹೊಯ್ದ ಮೇಲೆ ಅದರ ಮೇಲೆ ನಡೆಯುವ ಕೆಲಸದಲ್ಲಿ, ಅಂದರೆ ಅದನ್ನು ತಾಳ್ಮೆಯಿಂದ ತಣಿಸಿದ, ಕೊಯ್ದ, ಸಾಣೆ ಹಿಡಿದ, ಹೊಳಪು ಕೊಟ್ಟ, ಅಕ್ಷರ ಕೊರೆದ ಕೈಗಳ ಕೆಲಸದಲ್ಲಿ. ಕೊಡುವವರು ಆ ಕೆಲಸವನ್ನು ಬಲ್ಲವರಾಗಿದ್ದರೆ ಪಡೆಯುವವರಿಗೆ ಸಲ್ಲಬೇಕಾದ ಗೌರವ ಸರಿಯಾಗಿ ಸಲ್ಲುತ್ತದೆ.

ಮೊದಲಿಗೆ ವಸ್ತುವಿನ ವಿಚಾರ. ಭೂಮಿಯಲ್ಲಿ ಸಿಗುವ ನಿಜವಾದ ಸ್ಫಟಿಕದಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುತ್ತವೆ. ನಮ್ಮ ಕೈಗೆ ಬರುವ ಸ್ಮರಣಿಕೆಯಲ್ಲಿ ಅಂಥ ಕ್ರಮವಿಲ್ಲ. ಅದು ಕರಗಿದ ಸ್ಥಿತಿಯ ಅಸ್ತವ್ಯಸ್ತತೆಯನ್ನು ಹಾಗೆಯೇ ಉಳಿಸಿಕೊಂಡು ಗಟ್ಟಿಯಾದ ಗಾಜು. ಆದರೂ ಅದಕ್ಕೆ ಕ್ರಿಸ್ಟಲ್ ಎಂಬ ಹೆಸರು ಅಂಟಿಕೊಂಡಿರುವುದಕ್ಕೆ ಮುನ್ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ವರ್ತಕ 1674ರಲ್ಲಿ, ಕಲ್ಲುಸ್ಫಟಿಕವನ್ನು ಹೋಲುವ ಗಾಜಿಗಾಗಿ ಪೇಟೆಂಟ್ ಪಡೆದ. ಆತನ ಮೊದಲ ಪಾತ್ರೆಗಳು ಕಾಲಕ್ರಮದಲ್ಲಿ ಮಂಕಾಗಿ, ಮೈತುಂಬ ನವಿರಾದ ಬಿರುಕುಗಳ ಜಾಲ ಕಾಣಿಸಿಕೊಂಡಾಗ, ಆ ದೋಷವನ್ನು ನೀಗಲು ಮಿಶ್ರಣಕ್ಕೆ ಸೀಸದ ಆಕ್ಸೈಡ್ ಸೇರಿಸಲಾಯಿತು. ಹಾಗೆ ಹುಟ್ಟಿದ ಗಾಜು ತೂಕವಾಗಿತ್ತು, ಬೆಳಕನ್ನು ಹೆಚ್ಚು ಬಾಗಿಸುತ್ತಿತ್ತು, ಉಗುರಿನಿಂದ ತಟ್ಟಿದರೆ ಗಂಟೆಯಂತೆ ದೀರ್ಘವಾಗಿ ನಾದ ಕೊಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದು ಸಾಮಾನ್ಯ ಗಾಜಿಗಿಂತ ಮೃದುವಾಗಿದ್ದುದರಿಂದ ಅದರ ಮೇಲೆ ಚಕ್ರ ಹಿಡಿದು ಆಳವಾದ ಗೆರೆಗಳನ್ನು ಕೊಯ್ಯುವುದು ಸಾಧ್ಯವಾಯಿತು. ಯುರೋಪಿನಲ್ಲಿ ಈ ಹೆಸರಿನ ಬಳಕೆಗೆ ಕಾನೂನಿನ ಕಟ್ಟೂ ಇದೆ: 1969ರ ಒಂದು ನಿರ್ದೇಶನದ ಪ್ರಕಾರ ಸೀಸದ ಕ್ರಿಸ್ಟಲ್ ಎನಿಸಿಕೊಳ್ಳಲು ಗಾಜಿನಲ್ಲಿ ಕನಿಷ್ಠ ಶೇ. 24ರಷ್ಟು, ಪೂರ್ಣ ಸೀಸದ ಕ್ರಿಸ್ಟಲ್ ಎನಿಸಿಕೊಳ್ಳಲು ಕನಿಷ್ಠ ಶೇ. 30ರಷ್ಟು ಸೀಸದ ಆಕ್ಸೈಡ್ ಇರಬೇಕು.

ರಾಜ್ಯಗಳ ನಡುವಿನ ಕಾಣಿಕೆಯಾಗಿ ಕ್ರಿಸ್ಟಲ್ ಪಡೆದ ಗೌರವವೇ ಮುಂದೆ ಕಂಪನಿಗಳ ಕಾಣಿಕೆಗೂ ದಾರಿ ಮಾಡಿಕೊಟ್ಟಿತೆಂದು ನನಗೆ ತೋರುತ್ತದೆ. ಐರ್ಲೆಂಡಿನ ವಾಟರ್‌ಫರ್ಡ್ ಪಟ್ಟಣದಲ್ಲಿ 1783ರಲ್ಲಿ ಆರಂಭವಾದ ಗಾಜಿನ ಕಾರ್ಖಾನೆ 1851ರಲ್ಲಿ ಮುಚ್ಚಿ, ಸುಮಾರು ನೂರು ವರ್ಷಗಳ ಬಳಿಕ 1947ರಲ್ಲಿ ಮತ್ತೆ ಕುಲುಮೆ ಹೊತ್ತಿಸಿತು. ಅದೇ 1947ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ದಂಪತಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಅವರ ಮದುವೆಗೆ ಕಳುಹಿಸಿದ ಉಡುಗೊರೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಸ್ಟ್ಯೂಬೆನ್ ಗಾಜಿನ ಬೋಗುಣಿಯಾಗಿತ್ತು. ವಾಟರ್‌ಫರ್ಡ್‌ನಲ್ಲಿ ಕೊಯ್ಯುವ ಕುಶಲಕರ್ಮಿಯಾಗಬೇಕಾದವರು ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಕೊನೆಗೆ ಎಲ್ಲ ಬಗೆಯ ಕೊಯ್ತಗಳನ್ನೂ ಒಂದೇ ಬೋಗುಣಿಯ ಮೇಲೆ ತಪ್ಪಿಲ್ಲದೆ ಮೂಡಿಸಿ ತೋರಿಸಬೇಕಾಗಿತ್ತು. ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕೆಂಬ ವಿವರ ಅವರ ಕೈಯಲ್ಲೇ ಇರುತ್ತಿತ್ತು. ಗಾಜಿನ ಮೇಲೆ ಎಳೆದುಕೊಳ್ಳುತ್ತಿದ್ದುದು ಸ್ಥಾನ ಸೂಚಿಸುವ ಚೌಕಳಿ ಗೆರೆಗಳಷ್ಟೆ. ಸ್ಟ್ಯೂಬೆನ್ ತಯಾರಿಕೆ 2011ರಲ್ಲಿ ನಿಂತಿತು. ವಾಟರ್‌ಫರ್ಡ್‌ನ ದೊಡ್ಡ ಕಾರ್ಖಾನೆ 2009ರಲ್ಲಿ ಮುಚ್ಚಿ, ಮರುವರ್ಷ ಅದೇ ಊರಿನಲ್ಲಿ ಚಿಕ್ಕದಾಗಿ ಮತ್ತೆ ತೆರೆಯಿತು. ಕೈಕೆಲಸದ ಈ ಪರಂಪರೆಗೆ 2023ರಲ್ಲಿ ಯುನೆಸ್ಕೋ ಮಾನ್ಯತೆ ದೊರೆತದ್ದು, ಫ್ರಾನ್ಸ್, ಜೆಕ್ ಗಣರಾಜ್ಯ, ಜರ್ಮನಿ ಮೊದಲಾದ ದೇಶಗಳು ಜೊತೆಗೂಡಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಇಂದು ನಮ್ಮ ಪೇಟೆಯಲ್ಲಿ ಸಿಗುವ ಸ್ಮರಣಿಕೆಗಳಲ್ಲಿ ಹೆಚ್ಚಿನವು ಸೀಸದ ಗಾಜಿನವಲ್ಲ. ಅಂಗಡಿಯವರು ಇವನ್ನು ಕೆ9 ಎನ್ನುತ್ತಾರೆ. ಅದು ಚೀನಾದಲ್ಲಿ ಬಳಕೆಯಲ್ಲಿರುವ ದೃಗ್‌ಗಾಜಿನ ಗುರುತು. ಜರ್ಮನಿಯ ಶಾಟ್ ಕಂಪನಿಯ ಬಿಕೆ7 ಎಂಬ ಪ್ರಸಿದ್ಧ ಮಸೂರದ ಗಾಜಿಗೆ ಸರಿಸಮನಾದದ್ದು. ಸಿಲಿಕಾದ ಜೊತೆಗೆ ಬೋರಾನ್ ಆಕ್ಸೈಡ್, ಸೋಡಿಯಂ ಮತ್ತು ಪೊಟ್ಯಾಸಿಯಂನ ಆಕ್ಸೈಡುಗಳು ಇದರಲ್ಲಿರುತ್ತವೆ. ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಹೇಳುವ ಇದರ ವಕ್ರೀಭವನ ಸೂಚ್ಯಂಕ ಸುಮಾರು 1.517, ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ. ಸೀಸದ ಕ್ರಿಸ್ಟಲ್‌ನ ಮಿನುಗು ಇದಕ್ಕಿಲ್ಲವೆಂಬುದು ನಿಜ. ಆದರೆ ದೂರದರ್ಶಕ, ಕ್ಯಾಮೆರಾಗಳ ಮಸೂರಕ್ಕೆಂದು ರೂಪಿಸಿದ ಗಾಜಿನ ಬಗೆ ಇದಾದ್ದರಿಂದ ಗುಳ್ಳೆ, ಎಳೆ, ಬಣ್ಣದ ಛಾಯೆಗಳಿಲ್ಲದ ಅಚ್ಚ ತಿಳಿತನ ಇದರಲ್ಲಿ ಸಿಗುತ್ತದೆ. ಸೀಸದ ಗಾಜಿನ ಲೋಟ, ಹೂಜಿಗಳಲ್ಲಿ ಪಾನೀಯವನ್ನು ದಿನಗಟ್ಟಲೆ ಇಟ್ಟರೆ ಸೀಸ ಅದರೊಳಗೆ ಇಳಿಯುತ್ತದೆಂಬ ಕಾಳಜಿಯೂ, ಸೀಸದ ಪುಡಿಯೊಡನೆ ದುಡಿಯುವವರ ಆರೋಗ್ಯದ ಕಾಳಜಿಯೂ ಸೇರಿ ಸೀಸರಹಿತ ಗಾಜಿನತ್ತ ಉದ್ಯಮ ವಾಲಿತು. ಆಸ್ಟ್ರಿಯಾದ ಸ್ವರೋವ್‌ಸ್ಕಿ ಕೂಡ 2012ರಲ್ಲಿ ಸೀಸರಹಿತ ಮಿಶ್ರಣಕ್ಕೆ ಬದಲಾಯಿಸಿಕೊಂಡಿತು.

ತಯಾರಿಕೆಯ ಮೊದಲ ಶತ್ರು ಕಬ್ಬಿಣ. ಮರಳಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗಾಜಿಗೆ ಹಸಿರು ಛಾಯೆ ಬರುತ್ತದೆ. ಕಿಟಕಿಯ ಗಾಜಿನ ಅಂಚನ್ನು ನೋಡಿದವರಿಗೆ ಈ ಹಸಿರು ಪರಿಚಿತ. ಇದೇ ಹಸಿರು ಅಂಚಿನ ದಪ್ಪ ಹಾಳೆಗಾಜನ್ನು ಕತ್ತರಿಸಿ ಮಾಡಿದ ಫಲಕಗಳು ಜೇಡ್ ಗ್ಲಾಸ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅವು ಕೆಟ್ಟವೇನಲ್ಲ, ಆದರೆ ಕ್ರಿಸ್ಟಲ್ ಎಂದು ಹೇಳಿ ಮಾರಬಾರದು. ಕೆ9 ಗಾಜಿಗೆ ಕಬ್ಬಿಣ ಬಹುಮಟ್ಟಿಗೆ ಇಲ್ಲದಷ್ಟು ಶುದ್ಧವಾದ ಮರಳು ಬೇಕು. ಆ ಮಿಶ್ರಣವನ್ನು ಕುಲುಮೆಯಲ್ಲಿ ಕರಗಿಸಿ, ಗುಳ್ಳೆಗಳೆಲ್ಲ ಮೇಲೆದ್ದು ಹೋಗುವವರೆಗೆ ಕಾಯಿಸಿ, ಕದಡಿ, ಪಟ್ಟಿಗಳಾಗಿ ಅಥವಾ ಇಟ್ಟಿಗೆಗಳಾಗಿ ಹೊಯ್ಯುತ್ತಾರೆ.

ಇನ್ನು ಮುಂದಿನ ಹಂತ ಕೊಳ್ಳುವವರ ಕಣ್ಣಿಗೆ ಎಂದೂ ಬೀಳದಿರುವಂಥದು. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಜು ಶಾಖವನ್ನು ಬೇಗ ಸಾಗಿಸುವುದಿಲ್ಲ. ಹೊಯ್ದ ಇಟ್ಟಿಗೆಯನ್ನು ಹಾಗೆಯೇ ಬಿಟ್ಟರೆ ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ತಣಿಯುತ್ತ ಕುಗ್ಗಲು ಹವಣಿಸುತ್ತದೆ, ಗಟ್ಟಿಯಾದ ಹೊರಮೈ ಅದಕ್ಕೆ ಎಡೆಗೊಡುವುದಿಲ್ಲ. ಈ ಎಳೆದಾಟ ಗಾಜಿನೊಳಗೆ ಒತ್ತಡವಾಗಿ ಉಳಿಯುತ್ತದೆ. ಅಂಥ ತುಂಡು ನೋಡಲು ನಿರ್ದೋಷವಾಗಿದ್ದರೂ, ಗರಗಸ ತಾಗಿದಾಗ ಅಥವಾ ತಿಂಗಳುಗಳ ಬಳಿಕ ಮೇಜಿನ ಮೇಲಿದ್ದಾಗಲೂ ಸೀಳಬಹುದು. ಇದನ್ನು ತಡೆಯಲು ಗಾಜನ್ನು ಅದರ ಹದದ ತಾಪಮಾನದಲ್ಲಿ, ಈ ಬಗೆಯ ಗಾಜಿಗೆ ಸುಮಾರು 560 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲಕಾಲ ಇರಿಸಿ, ಆಮೇಲೆ ತೀರ ನಿಧಾನವಾಗಿ ಇಳಿಸುತ್ತ ಬರುತ್ತಾರೆ. ಉದ್ಯಮದಲ್ಲಿ ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ದಪ್ಪ ಹೆಚ್ಚಿದಷ್ಟೂ ಕಾಯಬೇಕಾದ ಕಾಲ ಬಹಳ ವೇಗವಾಗಿ ಏರುತ್ತದೆ. ಅಮೆರಿಕದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕಾಗಿ ಕಾರ್ನಿಂಗ್‌ನಲ್ಲಿ 1934ರಲ್ಲಿ ಹೊಯ್ದ, ಐದು ಮೀಟರ್ ಅಗಲದ ಗಾಜಿನ ಬಿಲ್ಲೆಯನ್ನು ತಿಂಗಳುಗಟ್ಟಲೆ ತಣಿಸಬೇಕಾಯಿತು. ನಮ್ಮ ಸ್ಮರಣಿಕೆಗೆ ಅಷ್ಟು ಬೇಡವಾದರೂ, ಅವಸರ ಮಾಡಿದ ಕಾರ್ಖಾನೆಯ ಮಾಲು ಬೇರೆ, ತಾಳ್ಮೆಯಿಂದ ತಣಿಸಿದ ಕಾರ್ಖಾನೆಯ ಮಾಲು ಬೇರೆ. ಬೆಳಕನ್ನು ಧ್ರುವೀಕರಿಸುವ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾಯಬಿಡುವ ಎರಡು ಹಾಳೆಗಳನ್ನು ಅಡ್ಡಡ್ಡವಾಗಿ ಹಿಡಿದು ಅವುಗಳ ನಡುವೆ ಗಾಜನ್ನಿಟ್ಟು ಬೆಳಕಿಗೆ ನೋಡಿದರೆ, ಒತ್ತಡವಿರುವ ಕಡೆ ಬಿಳಿಯ ಅಥವಾ ಬಣ್ಣದ ಪಟ್ಟೆಗಳು ಕಾಣುತ್ತವೆ. ದೊಡ್ಡ ಸಂಖ್ಯೆಯಲ್ಲಿ ತರಿಸುವವರು ಮಾದರಿಯ ಒಂದೆರಡು ತುಂಡುಗಳನ್ನಾದರೂ ಹೀಗೆ ನೋಡುವುದು ಒಳ್ಳೆಯದು. ಅಂಥ ಹಾಳೆಗಳು ಶಾಲಾ ಪ್ರಯೋಗದ ಸಾಮಗ್ರಿ ಮಾರುವವರಲ್ಲಿ ಸಿಗುತ್ತವೆ.

ತಣಿದ ಇಟ್ಟಿಗೆಯನ್ನು ವಜ್ರದ ಹರಳುಗಳನ್ನು ಕೂಡಿಸಿದ ಗರಗಸದಿಂದ, ನೀರು ಹರಿಸುತ್ತ, ಬೇಕಾದ ಆಕಾರಕ್ಕೆ ಕೊಯ್ಯುತ್ತಾರೆ. ಕೊಯ್ದ ಮೈ ಮಸುಕಾಗಿ, ಒರಟಾಗಿರುತ್ತದೆ. ಅದನ್ನು ತಿರುಗುವ ಕಬ್ಬಿಣದ ತಟ್ಟೆಯ ಮೇಲೆ ಮೊದಲು ದಪ್ಪ, ಆಮೇಲೆ ನಯವಾದ ಸಾಣೆಪುಡಿಯಿಂದ ಉಜ್ಜುತ್ತಾರೆ. ಪ್ರತಿ ಹಂತದ ಕೆಲಸವೆಂದರೆ ಹಿಂದಿನ ಹಂತ ಬಿಟ್ಟ ಗೀರುಗಳನ್ನು ಪೂರ್ತಿ ತೆಗೆಯುವುದು. ಹಾಗಾಗಿ ನಡುವಿನ ಒಂದು ಹಂತವನ್ನು ಅವಸರಕ್ಕೆ ಬಿಟ್ಟರೆ, ಅಂತಿಮ ಹೊಳಪಿನ ಅಡಿಯಲ್ಲಿ ಹಳೆಯ ಗೀರುಗಳು ಬೂದಿಯ ಪರದೆಯಂತೆ ಉಳಿದುಬಿಡುತ್ತವೆ. ಕೊನೆಯ ಹೊಳಪು ಬರುವುದು ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ. ಅದು ನೀರಿನಲ್ಲಿ ಕದಡಿದಾಗ ಗಾಜಿನ ಮೇಲ್ಪದರದೊಡನೆ ರಾಸಾಯನಿಕವಾಗಿಯೂ ವರ್ತಿಸಿ, ಬರಿಯ ಉಜ್ಜುವಿಕೆಯಿಂದ ಸಿಗದ ನುಣುಪನ್ನು ತರುತ್ತದೆ. ಸೀಸದ ಕ್ರಿಸ್ಟಲ್‌ನ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಹೈಡ್ರೋಫ್ಲೋರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದುವ ಕ್ರಮವೂ ಇದೆ. ಅದು ಬೇಗ ಮುಗಿಯುತ್ತದೆ, ಆದರೆ ಕೊಯ್ತದ ಚೂಪು ಅಂಚುಗಳು ತುಸು ಮೊಂಡಾಗುತ್ತವೆ.

ಅಂಚನ್ನು ಓರೆಯಾಗಿ ಸಾಣೆ ಹಿಡಿಯುವುದಕ್ಕೂ ಮಿನುಗಿಗೂ ನೇರ ಸಂಬಂಧವಿದೆ. ಈ ಗಾಜಿನೊಳಗೆ ಸಾಗುವ ಬೆಳಕು ಮೈಯನ್ನು, ಮೈಗೆ ಲಂಬವಾದ ಗೆರೆಯಿಂದ ಅಳೆದಾಗ ಸುಮಾರು 41 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ತಾಗಿದರೆ ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. 45 ಡಿಗ್ರಿಯ ಓರೆ ಅಂಚು ಅದಕ್ಕಾಗಿಯೇ ಕನ್ನಡಿಯಂತೆ ವರ್ತಿಸಿ, ಎದುರಿನಿಂದ ನೋಡುವವರ ಕಣ್ಣಿಗೆ ಬೆಳಗುತ್ತದೆ. ಓರೆಯ ಅಗಲ ನಾಲ್ಕೂ ಕಡೆ ಒಂದೇ ಸಮವಾಗಿರುವುದು, ಎರಡು ಓರೆಗಳು ಕೂಡುವ ಗೆರೆ ಮೂಲೆಯ ತುದಿಗೇ ಬಂದು ಮುಟ್ಟುವುದು ಒಳ್ಳೆಯ ಕೆಲಸದ ಗುರುತು. ನಾನು ಮಾದರಿ ನೋಡುವಾಗ ಮೊದಲು ನೋಡುವುದೇ ಮೂಲೆಯನ್ನು.

ಈ ಉದ್ಯಮದ ದೊಡ್ಡ ನೆಲೆಗಳಲ್ಲೊಂದು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಪುಜಿಯಾಂಗ್. ಅಲ್ಲಿನ ಮನೆಮನೆಯ ಸಣ್ಣ ಕಾರ್ಖಾನೆಗಳು ಸಾಣೆಯ ನೀರನ್ನು ಹಾಗೆಯೇ ಕಾಲುವೆಗಳಿಗೆ ಬಿಡುತ್ತಿದ್ದುದರಿಂದ ನದಿಗಳು ಗಾಜಿನ ಪುಡಿ ತುಂಬಿ ಹಾಲಿನ ಬಣ್ಣಕ್ಕೆ ತಿರುಗಿದ್ದವು. 2013ರಿಂದ ಪ್ರಾಂತ್ಯದ ಆಡಳಿತ ಕಟ್ಟುನಿಟ್ಟಿನ ಕ್ರಮ ಕೈಗೊಂಡು ಸಾವಿರಾರು ಕಾರ್ಖಾನೆಗಳನ್ನು ಮುಚ್ಚಿಸಿತು, ಉಳಿದವನ್ನು ನೀರು ಶುದ್ಧೀಕರಿಸುವ ವ್ಯವಸ್ಥೆಯುಳ್ಳ ಕೈಗಾರಿಕಾ ಪ್ರದೇಶಗಳಿಗೆ ಸ್ಥಳಾಂತರಿಸಿತು. ನಮ್ಮ ದೇಶದ ಗಾಜಿನ ಊರು ಫಿರೋಜಾಬಾದ್‌ಗೂ ಇಂಥದೇ ತಿರುವು ಬಂದಿತ್ತು: ತಾಜ್‌ಮಹಲಿನ ಸುತ್ತಲಿನ ಗಾಳಿಯನ್ನು ಕಾಪಾಡಲು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನ ಹಿನ್ನೆಲೆಯಲ್ಲಿ ಅಲ್ಲಿನ ಕುಲುಮೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲದತ್ತ ಹೊರಳಬೇಕಾಯಿತು. ಹೊಳೆಯುವ ವಸ್ತುವೊಂದನ್ನು ಗೌರವದ ಗುರುತಾಗಿ ಕೊಡುವಾಗ ಅದರ ತೊಳೆನೀರು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಮತ್ತು ಕರ್ತವ್ಯ ಎರಡೂ ಕೊಳ್ಳುವವರಿಗಿದೆ ಎಂದು ನಾನು ನಂಬಿದ್ದೇನೆ. ಬೆಲೆಪಟ್ಟಿಯ ಜೊತೆಗೆ ತಯಾರಕರ ವಿವರವನ್ನೂ ಕೇಳುವುದು ಕಷ್ಟದ ಕೆಲಸವಲ್ಲ.

ಆಕಾರ ಪಡೆದ ಗಾಜು ನಮ್ಮ ಊರಿಗೆ ಬಂದ ಮೇಲೆ ಅದರ ಮೇಲೆ ಬರವಣಿಗೆ ನಡೆಯುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ದಾರಿಗಳು. ಹಳೆಯದು ಸ್ಯಾಂಡ್‌ಬ್ಲಾಸ್ಟಿಂಗ್. ಅಕ್ಷರಗಳ ಜಾಗವನ್ನಷ್ಟೇ ತೆರೆದಿಟ್ಟ ರಬ್ಬರಿನಂಥ ಪೊರೆಯನ್ನು ಗಾಜಿಗೆ ಅಂಟಿಸಿ, ಮುಚ್ಚಿದ ಪೆಟ್ಟಿಗೆಯೊಳಗೆ ಒತ್ತಡದ ಗಾಳಿಯೊಡನೆ ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ಅದರ ಮೇಲೆ ಚಿಮ್ಮಿಸುತ್ತಾರೆ. ಪೊರೆ ಇರುವ ಕಡೆ ಹರಳು ಪುಟಿದು ಹೋಗುತ್ತದೆ, ತೆರೆದ ಕಡೆ ಗಾಜು ಕೊರೆದು ಬೆಳ್ಳಗಾಗುತ್ತದೆ. ಕೆಲವೆಡೆ ಹೆಸರಿಗೆ ತಕ್ಕಂತೆ ಮರಳನ್ನೇ ಬಳಸುವುದುಂಟು. ಅದರ ಸೂಕ್ಷ್ಮ ಪುಡಿ ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುವುದರಿಂದ, ಅಂಥ ಕಡೆ ಕೆಲಸ ಕೊಡಬಾರದು.

ಎರಡನೆಯದು ಗಾಜಿನ ಮೈಯನ್ನು ಮುಟ್ಟದೆ ಒಳಗೇ ಚಿತ್ರ ಬಿಡಿಸುವ ಲೇಸರ್. 532 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕಿನ ಅತಿ ಕ್ಷಿಪ್ರ ಮಿಡಿತಗಳನ್ನು ಮಸೂರದಿಂದ ಗಾಜಿನೊಳಗಿನ ಒಂದು ಬಿಂದುವಿಗೆ ಕೂಡಿಸುತ್ತಾರೆ. ದಾರಿಯುದ್ದಕ್ಕೂ ಬೆಳಕು ಹರಡಿಕೊಂಡಿರುವುದರಿಂದ ಗಾಜಿಗೆ ಏನೂ ಆಗುವುದಿಲ್ಲ. ಕೂಡಿದ ಬಿಂದುವಿನಲ್ಲಿ ಮಾತ್ರ ತೀವ್ರತೆ ಮಿತಿ ಮೀರಿ, ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಬಿರುಕೊಂದು ಮೂಡುತ್ತದೆ. ಇಂಥ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಬಿಂದುಗಳು ಸೇರಿ ಒಂದು ಕಟ್ಟಡವೋ ಒಂದು ಮುಖವೋ ಮೂರು ಆಯಾಮಗಳಲ್ಲಿ ಗಾಜಿನೊಳಗೆ ನಿಲ್ಲುತ್ತದೆ. ಬಿಂದುಗಳು ತೀರ ಹತ್ತಿರ ಬಂದರೆ ಬಿರುಕುಗಳು ಒಂದರೊಡನೊಂದು ಕೂಡಿ ಗಾಜೇ ಸೀಳುತ್ತದೆ, ದೂರವಾದರೆ ಚಿತ್ರ ತೆಳುವಾಗುತ್ತದೆ. ಈ ಅಂತರವನ್ನು ಹೊಂದಿಸುವುದರಲ್ಲಿಯೇ ಯಂತ್ರ ನಡೆಸುವವರ ನೈಪುಣ್ಯವಿದೆ. ಗುಳ್ಳೆ, ಎಳೆಗಳಿರುವ ಅಗ್ಗದ ಗಾಜಿನಲ್ಲಿ ಈ ಕೆಲಸ ಚೆನ್ನಾಗಿ ಬರುವುದಿಲ್ಲ. ಬೆನ್ನಿಗೆ ಬಣ್ಣದ ಚಿತ್ರ ಮುದ್ರಿಸುವ ಪದ್ಧತಿಯೂ ಈಗ ಬಂದಿದೆ. ನನಗೆ ಅದು ಗಾಜಿನ ಗುಣವನ್ನೇ ಮುಚ್ಚಿಬಿಡುವಂತೆ ಕಾಣುತ್ತದೆ.

ಕನ್ನಡದಲ್ಲಿ ಬರೆಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು, ಮತ್ತು ಕನ್ನಡದಲ್ಲಿಯೇ ಬರೆಸಬೇಕೆಂಬುದು ನನ್ನ ಆಗ್ರಹ. ಮೂವತ್ತು ವರ್ಷ ದುಡಿದು ನಿವೃತ್ತರಾಗುವ ಒಬ್ಬರು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ನೋಡಿ ಪಡುವ ಸಂತೋಷ ಬೇರೆಯದೇ. ಆದರೆ ನಮ್ಮ ಲಿಪಿ ದುಂಡಗೆ, ಸೂಕ್ಷ್ಮವಾಗಿ ಇರುವಂಥದು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ಅಕ್ಷರ ಚಿಕ್ಕದಾದರೆ ಹರಳಿನ ಏಟಿಗೆ ಆ ಸೀಳಿನ ಸುತ್ತಲಿನ ಪೊರೆ ಕಿತ್ತುಹೋಗಿ ಧನಂಜಯ ದನಂಜಯನಾಗುತ್ತಾನೆ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತಲೂ ಚಿಕ್ಕವಾದ್ದರಿಂದ ಅವು ಮೊದಲು ಹಾಳಾಗುತ್ತವೆ. ವೃತ್ತಗಳ ಒಳಗೆ ಉಳಿಯಬೇಕಾದ ಪೊರೆಯ ಚೂರುಗಳು ಬಿಡಿಯಾಗಿ ಅಂಟಿಕೊಂಡಿರುವುದರಿಂದ ಅವು ಹಾರಿಹೋಗುವ ಭಯವೂ ಇದೆ. ಇದಕ್ಕೆ ಬೆಳಕಿನಿಂದ ಮೂಡಿಸಿದ, ಒಂದೇ ಹಾಳೆಯಾಗಿ ಅಂಟುವ ಪೊರೆ ಒಳ್ಳೆಯದು. ಬ್ಲೇಡಿನಿಂದ ಕತ್ತರಿಸಿದ ಸ್ಟಿಕ್ಕರಿಗಿಂತ ಅದರಲ್ಲಿ ಕನ್ನಡ ಅಚ್ಚುಕಟ್ಟಾಗಿ ಮೂಡುತ್ತದೆ.

ತಂತ್ರಾಂಶದ ತೊಡಕು ಇನ್ನೊಂದು. ನಾವು ಮೊಬೈಲಿನಿಂದ ಕಳುಹಿಸುವ ಪಠ್ಯ ಯೂನಿಕೋಡ್‌ನಲ್ಲಿರುತ್ತದೆ. ಅಂಗಡಿಯ ವಿನ್ಯಾಸಕಾರರ ಬಳಿ ಹಳೆಯ ಆವೃತ್ತಿಯ ಕೋರೆಲ್ ಡ್ರಾ ಇದ್ದರೆ ಅಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಅರ್ಧಾಕ್ಷರದ ಗುರುತಿನೊಡನೆ ಬಂದು ನಿಲ್ಲುತ್ತವೆ. ಅವರು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮತ್ತೆ ಟೈಪ್ ಮಾಡುವಾಗ ಹೊಸ ತಪ್ಪುಗಳು ನುಸುಳುತ್ತವೆ. ಆದ್ದರಿಂದ ನಾನು ಪಠ್ಯವನ್ನು ನಮ್ಮಲ್ಲಿಯೇ ಜೋಡಿಸಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿದ ಕಡತವನ್ನು ಕಳುಹಿಸುತ್ತೇನೆ. ಕೊರೆಯುವ ಮುನ್ನ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ತರಿಸಿಕೊಂಡು, ಹೆಸರಿನ ಒಡೆಯರ ಆಪ್ತರೊಬ್ಬರಿಂದ ಓದಿಸುತ್ತೇನೆ. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಗಾಜಿನ ಮೇಲಿನದನ್ನು ಅಳಿಸಲಾಗದು.

ಪಡೆದ ಮೇಲೆ ಜೋಪಾನದ ವಿಚಾರಕ್ಕೆ ಬಂದರೆ, ಗಾಜು ಎಷ್ಟೇ ದಪ್ಪವಿದ್ದರೂ ಬಿದ್ದರೆ ಉಳಿಯದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವಿಜೇತರಿಗೆ ಕೊಡುತ್ತಿದ್ದ ವಾಟರ್‌ಫರ್ಡ್‌ನ ಕ್ರಿಸ್ಟಲ್ ಚೆಂಡು 2012ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪೀಠದಿಂದ ಕೆಳಗೆ ಬಿದ್ದು ಚೂರಾಯಿತು. ಅದರ ಬೆಲೆ 30,000 ಡಾಲರಿಗೂ ಹೆಚ್ಚೆಂದು ಆಗ ವರದಿಯಾಗಿತ್ತು. 20 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪದ ಕೆ9 ಫಲಕವೇ ಎರಡೂಕಾಲು ಕಿಲೋ ತೂಗುತ್ತದೆ. ಅದೇ ಅಳತೆಯ ಅಕ್ರಿಲಿಕ್ ಅದರ ಅರ್ಧದಷ್ಟೂ ತೂಗದು. ವೇದಿಕೆಯಲ್ಲಿ ಹಿರಿಯರ ಕೈಗೆ ಇದನ್ನು ಕೊಡುವಾಗ ಪಕ್ಕದಲ್ಲೊಬ್ಬರು ಆಸರೆಗೆ ನಿಂತಿರಬೇಕು. ಫಲಕವನ್ನು ಪೀಠಕ್ಕೆ ಅಂಟಿಸುವುದು ಅತಿನೇರಳೆ ಕಿರಣದಿಂದ ಗಟ್ಟಿಯಾಗುವ ಅಂಟಿನಿಂದಾದ್ದರಿಂದ ಮೇಲ್ಭಾಗವನ್ನಷ್ಟೇ ಹಿಡಿದು ಎತ್ತಬಾರದು, ಪೀಠಕ್ಕೆ ಕೈ ಕೊಟ್ಟೇ ಎತ್ತಬೇಕು.

ಗೋಳಾಕಾರದ ಸ್ಮರಣಿಕೆ ಕೊಡುವುದಾದರೆ ಪೆಟ್ಟಿಗೆಯಲ್ಲಿ ಒಂದು ಚೀಟಿಯನ್ನು ಇಡಲೇಬೇಕೆಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಗಾಜಿನ ಗೋಳ ಬಲವಾದ ಮಸೂರವೂ ಹೌದು. 8 ಸೆಂಟಿಮೀಟರ್ ವ್ಯಾಸದ ಕೆ9 ಗೋಳ ಬಿಸಿಲನ್ನು ತನ್ನ ಮೈಯಿಂದ ಸುಮಾರು ಎರಡು ಸೆಂಟಿಮೀಟರ್ ಆಚೆಗೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಅಲ್ಲಿ ಕಾಗದವೋ ಪರದೆಯ ಬಟ್ಟೆಯೋ ಇದ್ದರೆ ಹೊತ್ತಿಕೊಳ್ಳುತ್ತದೆ. ಆ ಚೀಟಿಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಸುವುದು ಇಷ್ಟು: ಕಿಟಕಿಯ ಬಳಿ, ನೇರ ಬಿಸಿಲು ಬೀಳುವ ಕಡೆ ಇದನ್ನು ಇಡಬೇಡಿ, ಮೆತ್ತನೆಯ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಒರೆಸಿ, ಬಿಸಿನೀರಿನಲ್ಲಿ ತೊಳೆಯಬೇಡಿ.